ಮಾರ್ಲ್‌ಹ್ಯಾಮ್ ಗೋಪುರದ ಸಿಮೆಂಟು

ಇಮೊಜೆನ್ ಟ್ರಾಂಟರ್ ಏಣಿಯ ಮೇಲೆ ನಿಂತು ಸಣ್ಣ ಸುತ್ತಿಗೆಯಿಂದ ಚರ್ಚಿನ ಗೋಪುರದ ಗೋಡೆಗೆ ಮೂರು ಸಲ ಕುಟ್ಟಿದಳು. ಮೊದಲೆರಡು ಏಟಿಗೆ ಕಲ್ಲು ಕಲ್ಲಿನ ಹಾಗೆ ಸದ್ದು ಮಾಡಿತು. ಮೂರನೆಯದಕ್ಕೆ ಖಾಲಿ ಡಬ್ಬದ ಸದ್ದು ಬಂತು. ಕೆಳಗೆ ಏಣಿ ಹಿಡಿದು ನಿಂತಿದ್ದ ಗ್ಲೆಂಡಾಗೂ ಅದು ಕೇಳಿಸಿತು.

"ಇನ್ನೊಂದು ಸಲ ಕುಟ್ಟಮ್ಮಾ. ಒಳಗೆ ಯಾರಾದ್ರೂ ಇದ್ರೆ ಬಂದು ಬಾಗಿಲು ತೆಗೀತಾರೆ," ಎಂದು ಬೆಂಚಿನ ಮೇಲಿಂದ ಗ್ಲೆಂಡಾಳ ಅಪ್ಪ ವಿಲ್ಫ್ ಕೂಗಿ ಹೇಳಿದ.

ಸಮಾಧಿಗಳ ನಡುವಿನ ಆ ಬೆಂಚು ಅವನದೇ ಎಂದು ಊರೆಲ್ಲ ಒಪ್ಪಿಕೊಂಡಿತ್ತು. ಎಂಬತ್ತನಾಲ್ಕು ವರ್ಷದ ಆತ ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಹಿಡಿದುಕೊಂಡು, ಬಿಟ್ಟಿ ನಾಟಕ ನೋಡುವವನ ಹಾಗೆ ಕಾಲು ಚಾಚಿ ಕುಳಿತಿದ್ದ.

ಇಂಗ್ಲೆಂಡಿನ ಯಾವ ಚರ್ಚಿಗಾದರೂ ಐದು ವರ್ಷಕ್ಕೊಮ್ಮೆ ತಪಾಸಣೆ ತಪ್ಪಿದ್ದಲ್ಲ. ವಾಸ್ತುಶಿಲ್ಪಿಯೊಬ್ಬರು ಬಂದು ಸೂರಿನಿಂದ ಬುನಾದಿಯವರೆಗೆ ನೋಡಿ ವರದಿ ಬರೆಯುತ್ತಾರೆ. ಊರಿನ ಪರವಾಗಿ ಅವರ ಹಿಂದೆ ಓಡಾಡುವುದು ಚರ್ಚಿನ ಉಸ್ತುವಾರಿ ಹೊತ್ತ ವಾರ್ಡನ್ನಳ ಕೆಲಸ. ಬೆಳಿಗ್ಗೆ ಸಂಜೆ ಶಾಲೆಯ ಬಸ್ಸು ಓಡಿಸುವ ಗ್ಲೆಂಡಾ, ಬೇರೆ ಯಾರೂ ಕೈ ಎತ್ತಲಿಲ್ಲವೆಂದು ಹನ್ನೊಂದು ವರ್ಷದಿಂದ ಮಾರ್ಲ್‌ಹ್ಯಾಮ್‌ನ ವಾರ್ಡನ್ ಆಗಿದ್ದಳು. ಹಿಂದಿನ ಎರಡು ತಪಾಸಣೆಗಳಲ್ಲಿ ಒಬ್ಬ ಮುದುಕ ವಾಸ್ತುಶಿಲ್ಪಿ ಬಂದು, ಕೆಳಗಿನಿಂದಲೇ ನೋಡಿ, ಕೇಕು ತಿಂದು ಹೋಗಿದ್ದ. ಅವನು ನಿವೃತ್ತನಾದ ಮೇಲೆ ಬಂದ ಇವಳು ಏಣಿ ಕೇಳಿದಳು.

ಇಮೊಜೆನ್ ಇಳಿದು ಬಂದವಳೇ ಗ್ಲೆಂಡಾಳನ್ನು ಗೋಪುರದ ಒಳಗೆ ಕರೆದುಕೊಂಡು ಹೋದಳು. ಗೋಡೆಗೆ ಅಂಗೈ ಒತ್ತಿ ತೋರಿಸಿದಳು. ಕೈ ಒದ್ದೆಯಾಗಿತ್ತು.

"ಈ ಗೋಡೆ ಐದಡಿ ದಪ್ಪ. ಹೊರಗೊಂದು ಪದರ, ಒಳಗೊಂದು ಪದರ, ಮಧ್ಯ ಕಲ್ಲುಚೂರು, ಸುಣ್ಣದ ಗಾರೆ. ಮಳೆ ನೀರು ಕುಡಿಯುತ್ತೆ, ಗಾಳಿ ಬಿಟ್ಟಾಗ ಆರುತ್ತೆ. ಆರುನೂರು ವರ್ಷ ಹಾಗೇ ಮಾಡ್ಕೊಂಡು ಬಂದಿದೆ," ಎಂದಳು ಇಮೊಜೆನ್. "ಈಗ ಹೊರಗಡೆ ಸಂದುಗಳಿಗೆಲ್ಲ ಸಿಮೆಂಟು ಮೆತ್ತಿದಾರೆ. ಸಿಮೆಂಟು ಬಿರುಕು ಬಿಡುತ್ತೆ, ನೀರು ಒಳಗೆ ಹೋಗುತ್ತೆ. ಹೊರಗೆ ಬರೋಕೆ ದಾರಿ ಇಲ್ಲ. ಚಳಿಗೆ ಆ ನೀರು ಹೆಪ್ಪುಗಟ್ಟಿ ಹೊರಗಿನ ಪದರವನ್ನ ತಳ್ಳುತ್ತಾ ಇದೆ. ಉತ್ತರದ ಕಡೆ ಆಗಲೇ ಹೊಟ್ಟೆ ಬಂದಿದೆ."

"ಎಷ್ಟು ದಿನ ತಡೆಯುತ್ತೆ?"

"ಬರೋ ಚಳಿಗಾಲದ ಬಗ್ಗೆ ನಾನು ಮಾತು ಕೊಡಲ್ಲ. ಸಿಮೆಂಟು ಕಿತ್ತು ಮತ್ತೆ ಸುಣ್ಣ ತುಂಬಬೇಕು. ಅಲ್ಲೀವರೆಗೆ ಗಂಟೆ ಬಾರಿಸಬೇಡಿ, ಗೋಡೆ ಅದುರುತ್ತೆ. ಇವತ್ತಿಂದಲೇ." ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತ ಕೇಳಿದಳು, "ಯಾರು ಮಾಡಿದ್ದು ಈ ಕೆಲಸ?"

"ಹೊರಗೆ ಬೆಂಚಿನ ಮೇಲೆ ಕೂತಿದಾರಲ್ಲ," ಎಂದಳು ಗ್ಲೆಂಡಾ, "ನಮ್ಮಪ್ಪ."

ಇಮೊಜೆನ್ ಬರೆಯುವುದನ್ನು ನಿಲ್ಲಿಸಿದಳು.

ಬಾಗಿಲ ಪಕ್ಕದ ಗೋಡೆಯಲ್ಲಿ ಕರಿಕಲ್ಲಿನ ಸಣ್ಣ ಫಲಕವಿತ್ತು. 1968ರ ಬೇಸಿಗೆಯಲ್ಲಿ ವಿಲ್ಫ್ರೆಡ್ ಗೆಡ್ಜ್ ಈ ಗೋಪುರವನ್ನು ಭದ್ರಪಡಿಸಿದನು ಎಂದು ಅದರಲ್ಲಿ ಕೆತ್ತಿತ್ತು. ಆಗ ವಿಲ್ಫ್‌ಗೆ ಇಪ್ಪತ್ತೆಂಟು, ಗ್ಲೆಂಡಾಗೆ ಐದು. ಏಳು ವಾರದಲ್ಲಿ ಐವತ್ತೈದು ಅಡಿ ಗೋಪುರದ ನಾಲ್ಕೂ ಮೈಯನ್ನು ಒಬ್ಬನೇ ಮುಗಿಸಿದ್ದ. ಊರಿನ ಗಂಡಸರು ಸರದಿಯಲ್ಲಿ ಮರಳು ಹೊತ್ತಿದ್ದರು. ಬಿಷಪ್ಪರು ಬಂದು ಕೈಕುಲುಕಿದ್ದರು. ಅದಾದ ಮೇಲೆ ಅವನು ಮನೆ, ಕೊಟ್ಟಿಗೆ, ಬಸ್ ನಿಲ್ದಾಣ ಏನೇನೋ ಕಟ್ಟಿದ, ಆದರೆ ಊರವರ ಬಾಯಲ್ಲಿ ಇಂದಿಗೂ 'ಗೋಪುರದ ವಿಲ್ಫ್' ಆಗಿಯೇ ಉಳಿದಿದ್ದ. ಆ ಗೋಪುರದ ಐದು ಗಂಟೆಗಳಲ್ಲಿ ಅತಿ ದೊಡ್ಡದರ ಹಗ್ಗ ಅರವತ್ತು ವರ್ಷದಿಂದ ಅವನ ಕೈಯಲ್ಲೇ ಇತ್ತು.

ಸಂಜೆ ಹಂದಿಮಾಂಸ, ಬೇಯಿಸಿದ ಆಲೂಗಡ್ಡೆ, ಸಾಸಿವೆಯ ಗೊಜ್ಜು ಬಡಿಸಿ ಗ್ಲೆಂಡಾ ವಿಷಯ ಹೇಳಿದಳು. ವಿಲ್ಫ್ ಆಲೂಗಡ್ಡೆ ಹಿಚುಕುವುದನ್ನು ನಿಲ್ಲಿಸಲಿಲ್ಲ.

"ಆ ಹುಡುಗಿಗೆ ಎಷ್ಟು ವಯಸ್ಸು?"

"ಮೂವತ್ತಿರಬೇಕು."

"ನನ್ನ ಸಿಮೆಂಟಿಗೆ ಐವತ್ತಾರು. ಮರ್ಯಾದೆ ಕೊಟ್ಟು ಮಾತಾಡು ಅಂತ ಹೇಳು ಅವಳಿಗೆ."

"ಅಪ್ಪಾ, ಗೋಡೆ ಒಳಗೆ ಒದ್ದೆ. ನಾನೇ ಮುಟ್ಟಿ ನೋಡಿದೆ."

"ಚರ್ಚು ಯಾವತ್ತು ಬೆಚ್ಚಗಿತ್ತು? ನಿನ್ನ ದೀಕ್ಷಾಸ್ನಾನದ ದಿನ ತೊಟ್ಟಿ ನೀರಿನ ಮೇಲೆ ಮಂಜುಗಡ್ಡೆ ಕೂತಿತ್ತು. ಪಾದ್ರಿ ಮೊಣಕೈಯಿಂದ ಒಡೆದ." ವಿಲ್ಫ್ ಸಾಸಿವೆಗೆ ಕೈ ಚಾಚಿದ. "ಸುಣ್ಣವಂತೆ. ಉಗುರಿಂದ ಕೆರೆದ್ರೆ ಉದುರೋ ಸುಣ್ಣ."

"ಅವರು ಬಿಷಪ್ಪರ ಕಚೇರಿಯಿಂದ ಅನುಮತಿ ಕೇಳ್ತಾರೆ. ಬಾಗಿಲಿಗೆ ನೋಟೀಸು ಹಚ್ಚಬೇಕು."

"ಇಪ್ಪತ್ತೆಂಟು ದಿನ. ಊರಿನ ಯಾರು ಬೇಕಾದ್ರೂ ತಕರಾರು ಬರೀಬಹುದು. ಗೊತ್ತು ನನಗೆ," ಎಂದ ವಿಲ್ಫ್. "ನಾನೂ ಊರಿನವನೇ ತಾನೇ?"

ಗ್ಲೆಂಡಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಕರಾರು ಬಂದರೆ ವಿಷಯ ಚರ್ಚಿನ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ಕಡಿಮೆಯೆಂದರೂ ಒಂದು ವರ್ಷ. ಅದೂ ಗೋಪುರ ರಿಪೇರಿ ಮಾಡಿದವನೇ, ಅರವತ್ತು ವರ್ಷ ಗಂಟೆ ಬಾರಿಸಿದವನೇ ಬರೆದ ತಕರಾರನ್ನು ಯಾರೂ ತಳ್ಳಿಹಾಕುವುದಿಲ್ಲ. ಅಷ್ಟರಲ್ಲಿ ಚಳಿಗಾಲ ಬರುತ್ತದೆ. ಗೋಪುರವೋ ಅಪ್ಪನ ಹೆಸರೋ ಎಂದರೆ ಗೋಪುರವೇ ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಅದನ್ನು ಅಪ್ಪನ ಬಾಯಿಂದಲೇ ಹೊರಡಿಸುವ ದಾರಿ ಮಾತ್ರ ಹೊಳೆಯಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಅವಳು ನೋಟೀಸು ಹಚ್ಚಿದಳು. ವಿಲ್ಫ್ ಮರುದಿನ ಕನ್ನಡಕ ಹಾಕಿಕೊಂಡು ಹೋಗಿ ಇಡೀ ಹಾಳೆ ಓದಿ ಬಂದ. ರಾತ್ರಿ ಊಟದ ಹೊತ್ತಿಗೆ ಒಲೆಯ ಮೇಲಿನ ಹಲಗೆಯಲ್ಲಿ ಬಿಷಪ್ಪರ ಕಚೇರಿಯ ವಿಳಾಸ ಬರೆದ ಲಕೋಟೆಯೊಂದು ಕಾಣಿಸಿಕೊಂಡಿತು. ಅಂಚೆಚೀಟಿಯನ್ನೂ ಅಂಟಿಸಿತ್ತು. ಅವನು ಅದರ ಮಾತೆತ್ತಲಿಲ್ಲ. ಅವಳೂ ಎತ್ತಲಿಲ್ಲ. ದಿನಾ ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ಲಕೋಟೆ ಅಲ್ಲೇ ಇದೆಯೇ ಎಂದು ನೋಡಿಕೊಳ್ಳುವುದು ಅವಳಿಗೆ ಅಭ್ಯಾಸವಾಯಿತು.

ಭಾನುವಾರಗಳು ಮೌನವಾಗಿ ಬಂದವು. ಗಂಟೆ ಇಲ್ಲದೆ ಜನ ಪ್ರಾರ್ಥನೆಗೆ ತಡವಾಗಿ ಬರತೊಡಗಿದರು. ವಿಲ್ಫ್ ಮಾತ್ರ ಎಂದಿನಂತೆ ಒಂಬತ್ತೂವರೆಗೆ ಗೋಪುರದ ಕೆಳಗಿನ ಕೋಣೆಗೆ ಹೋಗಿ, ಗೂಟಕ್ಕೆ ಸುತ್ತಿಟ್ಟ ಹಗ್ಗದ ಎದುರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಒಂದು ಭಾನುವಾರ ಗ್ಲೆಂಡಾ ಇಣುಕಿದಳು. ಅವನು ಗೋಡೆಗೆ ಅಂಗೈ ಒತ್ತಿಕೊಂಡಿದ್ದ. ಅವಳನ್ನು ಕಂಡು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಏನು? ಹಾಡು ಶುರುವಾಯ್ತಾ?" ಎಂದು ಕೇಳಿದ.

ಅವಳಿಗೆ ಆ ಚರ್ಚಿನ ಇಂಚಿಂಚೂ ಗೊತ್ತಿತ್ತು. ಸೂರಿನ ತೊಲೆಗಳ ತುದಿಯಲ್ಲಿ ರೆಕ್ಕೆ ಬಿಚ್ಚಿ ನಿಂತ ಓಕ್ ಮರದ ದೇವದೂತರು. ಹಳೆಯ ಮತಜಗಳದಲ್ಲಿ ಯಾರೋ ಅವರ ಮುಖವನ್ನು ಉಳಿಯಿಂದ ಕೆತ್ತಿ ಅಳಿಸಿದ್ದರು, ರೆಕ್ಕೆಯ ಗರಿಗಳು ಇನ್ನೂ ಎಣಿಸುವಷ್ಟು ಸ್ಪಷ್ಟವಾಗಿದ್ದವು. ದಕ್ಷಿಣದ ಬಾಗಿಲ ಕಲ್ಲಿನ ಮೇಲೆ, ಗಡಿಯಾರ ಇಲ್ಲದ ಕಾಲದಲ್ಲಿ ಪೂಜೆಯ ಹೊತ್ತು ಗುರುತಿಸಲು ಗೀರಿದ ಗೆರೆಗಳಿದ್ದವು. ಮಧ್ಯದಲ್ಲಿ ಕಡ್ಡಿ ಇಟ್ಟರೆ ನೆರಳು ಇಂದಿಗೂ ಸರಿಯಾಗಿ ಬೀಳುತ್ತಿತ್ತು. ಆ ಸೀಮೆಯಲ್ಲಿ ಕಟ್ಟುವ ಕಲ್ಲೇ ಇಲ್ಲ. ಹೊಲದಲ್ಲಿ ನೇಗಿಲಿಗೆ ಸಿಗುವ ಚಕಮಕಿ ಕಲ್ಲಿನ ಉಂಡೆಗಳನ್ನು ಹೆಂಗಸರು ಮಕ್ಕಳು ಹೆಕ್ಕಿ ತಂದು ರಾಶಿ ಹಾಕಿದ್ದರಿಂದ ಗೋಡೆ ಎದ್ದಿತ್ತು. ಉಂಡೆಕಲ್ಲಿನಲ್ಲಿ ಮೂಲೆ ತಿರುಗಿಸಲು ಆಗುವುದಿಲ್ಲವೆಂದು ಮೂಲೆಯ ಕಲ್ಲುಗಳನ್ನಷ್ಟೇ ದೂರದಿಂದ ದೋಣಿಯಲ್ಲಿ ತರಿಸಿದ್ದರು. ನಾಲ್ಕುನೂರು ಜನ ಇಲ್ಲದ ಊರು, ಉಣ್ಣಲು ಬಾರ್ಲಿ ಗಂಜಿ. ಅಂಥವರು ಐವತ್ತೈದು ಅಡಿ ಎತ್ತಿ ನಿಲ್ಲಿಸಿದ್ದರು. ಬಸ್ಸು ತಿರುಗಿಸುವಾಗಲೆಲ್ಲ ಅದು ಕಣ್ಣಿಗೆ ಬಿದ್ದರೆ ಗ್ಲೆಂಡಾಗೆ ಅನ್ನಿಸುತ್ತಿತ್ತು: ಈಗಿನವರಿಗೆ ಬಸ್ ನಿಲ್ದಾಣದ ಸೂರೇ ಸರಿಯಾಗಿ ನಿಲ್ಲಿಸಲು ಬರುವುದಿಲ್ಲ.

ನೋಟೀಸು ಹಚ್ಚಿದ ಇಪ್ಪತ್ತೆರಡನೆಯ ದಿನ, ಪರೀಕ್ಷೆಗೆಂದು ಗೋಡೆಯ ಒಂದು ತುಣುಕನ್ನು ಮಾತ್ರ ಬಿಚ್ಚಿ ನೋಡಲು ಒಪ್ಪಿಗೆ ಸಿಕ್ಕಿತು. ಸುಣ್ಣದ ಕೆಲಸದ ಡೆಸ್ಮಂಡ್ ಲಾರ್ಟರ್ ಬಂದ. ದಪ್ಪ ಕತ್ತಿನ, ನಿಧಾನ ಮಾತಿನ ಮನುಷ್ಯ. ಉತ್ತರದ ಗೋಡೆ ಉಬ್ಬಿದ ಕಡೆ ಹನ್ನೆರಡು ಅಡಿ ಎತ್ತರಕ್ಕೆ ಕಂಬ, ಹಲಗೆಯ ಸಾರುವೆ ಕಟ್ಟಿದ. ಇಮೊಜೆನ್ ಮೇಲೆ ಹತ್ತಿದಳು. ವಿಲ್ಫ್ ಬೆಂಚಿನಿಂದ ಎದ್ದು ಬಂದು ಕೆಳಗೆ ನಿಂತ. ಕೋಟಿನ ಜೇಬಿನಿಂದ, ಗಾರೆ ಮೆತ್ತುವ ಅವನ ಹಳೆಯ ಕರಣೆಯ ಹಿಡಿ ಹೊರಗೆ ಕಾಣುತ್ತಿತ್ತು.

"ಯಜಮಾನ್ರೇ, ಕರಣೆ ಯಾಕೆ ತಂದ್ರಿ?" ಎಂದ ಡೆಸ್ಮಂಡ್.

"ನೀನು ಕಿತ್ತಿದ್ದನ್ನ ಮತ್ತೆ ಮುಚ್ಚೋಕೆ."

ಡೆಸ್ಮಂಡ್ ನಕ್ಕು ಉಳಿ ಇಟ್ಟ. ನಾಲ್ಕು ಏಟಿಗೆ ಸಿಮೆಂಟು ಅಲುಗಲಿಲ್ಲ. ವಿಲ್ಫ್ ಗ್ಲೆಂಡಾಳ ಕಡೆ ತಿರುಗಿ ಹುಬ್ಬು ಹಾರಿಸಿದ. ಐದನೆಯದಕ್ಕೆ ಬಾಗಿಲಗಲದ ಹೊದಿಕೆಯೊಂದು, ಮುಂಭಾಗದ ಕಲ್ಲುಗಳನ್ನೂ ಕಚ್ಚಿಕೊಂಡೇ, ಒಟ್ಟಿಗೆ ಕಳಚಿ ಹಲಗೆಯ ಮೇಲೆ ಬಿತ್ತು. ಹಿಂದಿನಿಂದ ನೀರು ಹರಿಯಿತು. ತೊಟ್ಟಿಕ್ಕಲಿಲ್ಲ, ಹರಿಯಿತು. ಸಾರುವೆಯ ಕಂಬದ ಮೇಲಿಂದ ಇಳಿದು ವಿಲ್ಫ್‌ನ ಬೂಟಿನ ಮುಂದೆ ಹೊಂಡ ಕಟ್ಟಿತು.

ವಿಲ್ಫ್ ಆ ನೀರನ್ನೇ ನೋಡುತ್ತಿದ್ದವನು ಏಣಿಗೆ ಕೈ ಹಾಕಿದ.

"ಅಪ್ಪಾ, ಬೇಡ. ಎಂಬತ್ತನಾಲ್ಕು ನಿನಗೆ."

"ನೀನು ಬಸ್ಸು ಓಡಿಸು. ಏಣಿ ವಿಷಯ ನನಗೆ ಬಿಡು."

ಗ್ಲೆಂಡಾ ಅವನ ಹಿಂದೆಯೇ ಹತ್ತಿದಳು, ಬಿದ್ದರೆ ತನ್ನ ಮೇಲೇ ಬೀಳಲಿ ಎಂದು. ಮೇಲೆ ಹೋಗಿ ಅವನು ಉಸಿರು ತೆಗೆದುಕೊಳ್ಳಲು ಸ್ವಲ್ಪ ಹೊತ್ತು ನಿಂತ. ಆಮೇಲೆ ಗೋಡೆಗೆ ಮುಖ ತಂದ. ತೆರೆದ ಜಾಗದ ಮಧ್ಯೆ ಉದ್ದಕ್ಕೂ ಒಂದು ಅಡ್ಡಗೆರೆ ಇತ್ತು. ಅದರ ಕೆಳಗಿನ ಗಾರೆಯ ಮೇಲ್ಮುಖ ನುಣುಪಾಗಿ ಸವೆದು, ಮಳೆ ತೊಳೆದ ಮಣ್ಣಿನ ಹಾಗೆ ಗುಂಡಗಾಗಿತ್ತು.

"ಇದೇನು ಗೊತ್ತಾ, ಗೆಡ್ಜ್ ಅವರೇ?" ಎಂದಳು ಇಮೊಜೆನ್. "ಆಗಿನ ಕಾಲದವರು ವರ್ಷಕ್ಕೆ ಎಂಟು ಹತ್ತು ಅಡಿ ಮಾತ್ರ ಕಟ್ಟೋರು. ಚಳಿ ಬಂದ ಕೂಡಲೇ ನಿಲ್ಲಿಸಿ, ಗೋಡೆ ತಲೆ ಮೇಲೆ ಹುಲ್ಲು ಮುಚ್ಚಿ ಹೋಗ್ತಿದ್ರು. ಸುಣ್ಣ ಗಟ್ಟಿಯಾಗಲಿ ಅಂತ. ವಸಂತ ಬಂದ ಮೇಲೆ ಮತ್ತೆ ಶುರು."

"ಇದು ಒಂದು ಚಳಿಗಾಲದ್ದಲ್ಲ," ಎಂದ ವಿಲ್ಫ್.

"ಏನಂದ್ರಿ?"

"ಒಂದೇ ಚಳಿಗಾಲಕ್ಕೆ ಇಷ್ಟು ಸವೆಯಲ್ಲ. ಮುಚ್ಚಿರಲಿಲ್ಲ ಇದನ್ನ. ಮುಚ್ಚೋಕೆ ಯಾರೂ ಇರಲಿಲ್ಲ. ಎಷ್ಟೋ ವರ್ಷ ಹೀಗೇ ಬಿದ್ದಿದೆ." ಕರಣೆ ತೆಗೆದು ಅದರ ತುದಿಯಿಂದ ತೋರಿಸಿದ. "ಕೆಳಗೆ ನೋಡು. ಕಲ್ಲು ಎಲ್ಲ ಉದ್ದಕ್ಕೆ ಒಳಗೆ ಹೋಗಿದೆ, ಹಲ್ಲು ದವಡೆಯಲ್ಲಿ ಕೂತ ಹಾಗೆ. ಕಸುಬುದಾರ. ಈಗ ಗೆರೆ ಮೇಲೆ ನೋಡು. ಅಗಲದ ಮುಖ ಹೊರಗಿಟ್ಟು ಅಂಟಿಸಿದಾನೆ. ನೋಡೋಕೆ ಚಂದ, ಹಿಡಿತ ಇಲ್ಲ. ಇವನಿಗೆ ಯಾರೂ ಹೇಳಿಕೊಟ್ಟಿಲ್ಲ."

ಗ್ಲೆಂಡಾಗೆ ಚರ್ಚಿನೊಳಗಿನ ಪಾದ್ರಿಗಳ ಪಟ್ಟಿ ನೆನಪಾಯಿತು. ಮರದ ಹಲಗೆಯ ಮೇಲೆ ಎಂಟುನೂರು ವರ್ಷದ ಹೆಸರುಗಳು. ಪ್ರತಿ ಹಬ್ಬಕ್ಕೂ ಅವಳೇ ಅದಕ್ಕೆ ಮೇಣ ತಿಕ್ಕುತ್ತಿದ್ದಳು. 1349ರ ಎದುರು ಮೂರು ಹೆಸರುಗಳಿದ್ದವು. ಒಂದೇ ವರ್ಷದಲ್ಲಿ ಮೂವರು.

"ಪ್ಲೇಗು," ಎಂದಳು.

"ಅದೇ ಇರಬೇಕು," ಎಂದಳು ಇಮೊಜೆನ್. "ಇಲ್ಲೆಲ್ಲ ಅರ್ಧಕ್ಕರ್ಧ ಜನ ಸತ್ರು."

"ಗುರು ಗುಂಡಿಗೆ ಹೋದ. ಕರಣೆ ಹಿಡಿಯೋಕೆ ಉಳಿದೋನು ಇವನೊಬ್ಬ," ಎಂದ ವಿಲ್ಫ್. ಕರಣೆ ಮೇಲಕ್ಕೆ ಸರಿಯಿತು. "ಮೂರು ಸಾಲು ತಪ್ಪೇ ಇಟ್ಟಿದಾನೆ. ನಾಲ್ಕನೇದರಲ್ಲಿ ಒಂದು ಕಲ್ಲು ಒಳಗೆ ಹೋಯ್ತು. ಇಲ್ಲಿ ಎರಡು. ಇಗೋ, ಇಲ್ಲಿಗೆ ಬರೋ ಹೊತ್ತಿಗೆ..." ತೆರೆದ ಜಾಗದ ಮೇಲಂಚಿಗೆ ಬಂದು ಅವನು ನಿಲ್ಲಿಸಿದ. ಅಲ್ಲಿನ ಸಾಲು ಗೆರೆಯ ಕೆಳಗಿನದಷ್ಟೇ ಬಿಗಿಯಾಗಿತ್ತು. "ಕಲಿತ. ಗೋಡೆ ಮೇಲೇ ಕಲಿತ, ಬೇವರ್ಸಿ."

ಅಪ್ಪ ಇನ್ನೊಬ್ಬ ಗಾರೆಯವನನ್ನು ಹೊಗಳಿದ್ದನ್ನು ಗ್ಲೆಂಡಾ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಡೆಸ್ಮಂಡ್ ಚೀಲದಿಂದ ತನ್ನ ಫ್ಲಾಸ್ಕು ತೆಗೆದು ಮುಚ್ಚಳಕ್ಕೆ ಚಹಾ ಹುಯ್ದು ವಿಲ್ಫ್‌ಗೆ ಕೊಟ್ಟ. "ಯಜಮಾನ್ರೇ, ಬೇಜಾರಿಲ್ಲದಿದ್ರೆ ಕೇಳ್ತೀನಿ. ಸುಣ್ಣ ಯಾಕೆ ಹಾಕಲಿಲ್ಲ?"

"ಊರಲ್ಲಿ ಸುಣ್ಣ ಕಲಸೋಕೆ ಗೊತ್ತಿದ್ದವನು ಆಲ್ಬಿ ಥ್ರೋವರ್ ಅಂತ ಒಬ್ಬನೇ. ಅವನ ಜೊತೆಯವರೆಲ್ಲ ಮೊದಲನೇ ಯುದ್ಧದಲ್ಲೇ ಹೋಗಿದ್ರು. ಅವನು ಅರವತ್ತೇಳರ ಕ್ರಿಸ್‌ಮಸ್ಸಿಗೆ ಸತ್ತ." ವಿಲ್ಫ್ ಚಹಾ ಕುಡಿದ. "ಸಿಮೆಂಟಿನ ಚೀಲದ ಮೇಲೆ ಹೇಗೆ ಕಲಸಬೇಕು ಅಂತ ಅಚ್ಚು ಹಾಕಿತ್ತು. ಸುಣ್ಣದ ಮೇಲೆ ಯಾರೂ ಏನೂ ಬರೆದಿರಲಿಲ್ಲ." ಮುಚ್ಚಳ ವಾಪಸು ಕೊಟ್ಟು, "ನಿನ್ನ ಚಹಾ ಹೊಲಸಾಗಿದೆ," ಎಂದು ಏಣಿ ಇಳಿದ.

ಮರುದಿನ ಬೆಳಿಗ್ಗೆ ಲಕೋಟೆ ಹಲಗೆಯ ಮೇಲಿರಲಿಲ್ಲ.

ಗ್ಲೆಂಡಾ ಒಲೆಯ ಬೂದಿ ಕೆದಕಿ ನೋಡಿದಳು, ಕಸದ ಬುಟ್ಟಿ ನೋಡಿದಳು. ವಿಲ್ಫ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. "ಏನಾದ್ರೂ ಕಳೆದಿದೆಯಾ?" ಎಂದು ಕೇಳಿದ. "ಇಲ್ಲ," ಎಂದು ಅವಳು ಬಸ್ಸಿಗೆ ಹೋದಳು. ಆ ದಿನ ಎರಡು ನಿಲ್ದಾಣದಲ್ಲಿ ಬಸ್ಸು ನಿಲ್ಲಿಸುವುದನ್ನೇ ಮರೆತಳು. ಹಿಂದಿನಿಂದ ಮಕ್ಕಳು ಕೂಗಬೇಕಾಯಿತು.

ನಾಲ್ಕನೆಯ ದಿನ ಇಮೊಜೆನ್‌ಳ ಫೋನು ಬಂತು.

"ಒಂದು ತಕರಾರು ಬಂದಿದೆ, ಗ್ಲೆಂಡಾ. ನಿಮ್ಮ ತಂದೆಯದು. ಪ್ರತಿ ನಿಮ್ಮ ಫೋನಿಗೆ ಕಳಿಸಿದೀನಿ. ಓದಿ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಗ್ಲೆಂಡಾಗೆ ಇನ್ನಷ್ಟು ಗಾಬರಿ ಹುಟ್ಟಿಸಿತು. ಶಾಲೆಯ ಅಂಗಳದಲ್ಲಿ ಬಸ್ಸು ನಿಲ್ಲಿಸಿ, ಚಾಲಕನ ಸೀಟಿನಲ್ಲೇ ಕೂತು ಓದಿದಳು.

'ಮಾನ್ಯರೇ,

ಮಾರ್ಲ್‌ಹ್ಯಾಮ್ ಗೋಪುರದ ಯೋಜನೆಗೆ ನನ್ನ ತಕರಾರಿದೆ. ಗಂಟೆಗಳ ಕಿಟಕಿಯವರೆಗೆ ಮಾತ್ರ ಸಿಮೆಂಟು ತೆಗೆಯುವುದು, ಅದರ ಮೇಲಿನದು ಗಟ್ಟಿಯಿದೆ, ಹಾಗೇ ಬಿಡುವುದು ಎಂದು ನೋಟೀಸಿನಲ್ಲಿದೆ. ಅದು ತಪ್ಪು. ಕೆಳಗಿನಿಂದ ನೋಡಿದವರಿಗೆ ಹಾಗೆ ಕಾಣುತ್ತದೆ.

ಕಿಟಕಿಯ ಮೇಲಿನ ಹದಿನೈದು ಅಡಿ ನಾನು ಕೊನೆಯ ವಾರ ಮಾಡಿದ್ದು. ಬಿಷಪ್ಪರು ಬರುವ ದಿನ ನಿಗದಿಯಾಗಿತ್ತು. ಮಳೆ ಹಿಡಿದಿತ್ತು. ಬೇಗ ಬಿಗಿಯಲಿ ಎಂದು ಮರಳು ಕಡಿಮೆ ಹಾಕಿ ಕಲಸಿದೆ, ಅಂಥದ್ದು ಹೆಚ್ಚು ಬಿರಿಯುತ್ತದೆ. ಆಗ್ನೇಯ ಮೂಲೆಯಲ್ಲಿ, ತುದಿಯಿಂದ ಆರಡಿ ಕೆಳಗೆ, ತೋಳು ಹೋಗುವಷ್ಟು ಟೊಳ್ಳಿತ್ತು. ಅದನ್ನು ತುಂಬಲಿಲ್ಲ. ಮೇಲೆ ಮೆತ್ತಿ ಮುಚ್ಚಿದೆ. ಇದು ನನ್ನನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಗೋಡೆಗೆ ಗೊತ್ತು.

ಆದ್ದರಿಂದ ಎಲ್ಲವನ್ನೂ ತೆಗೆಯಬೇಕು. ಮೇಲಿನಿಂದ ಶುರುಮಾಡಬೇಕು. ಯಾವ ಕಡೆ ಯಾವ ಹದದಲ್ಲಿ ಕಲಸಿದ್ದೆ ಎಂಬುದನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ.

ವಿ. ಗೆಡ್ಜ್, ಗಾರೆ ಕೆಲಸದವನು.'

ಹಿಂದಿನ ಪುಟದಲ್ಲಿ ಗೋಪುರದ ನಾಲ್ಕು ಮೈಗಳ ಚಿತ್ರವಿತ್ತು, ಬಡಗಿಯ ಪೆನ್ಸಿಲಿನಲ್ಲಿ. ಟೊಳ್ಳು ಇದ್ದ ಕಡೆ ಕತ್ತರಿ ಗುರುತು.

ಮನೆಗೆ ಹೋದಾಗ ವಿಲ್ಫ್ ಹಿತ್ತಲಲ್ಲಿ ಆಲೂಗಡ್ಡೆ ನೆಡಲು ಅಗೆಯುತ್ತಿದ್ದ.

"ನನಗೇ ಹೇಳಬಹುದಿತ್ತಲ್ಲ," ಎಂದಳು ಗ್ಲೆಂಡಾ.

"ನಿನಗೆ ಹೇಳಿದ್ರೆ ಅಡುಗೆಮನೆ ಮಾತು. ಅವರಿಗೆ ಬರೆದ್ರೆ ದಾಖಲೆ."

"ಲಕೋಟೆ ಮೂರು ವಾರ ಅಲ್ಲೇ ಇತ್ತು. ಅದರೊಳಗೆ ಇದೇ ಕಾಗದ ಇತ್ತಾ?"

ವಿಲ್ಫ್ ಗುದ್ದಲಿಗೆ ಮೆತ್ತಿದ ಮಣ್ಣನ್ನು ಬೂಟಿನಿಂದ ಕೆರೆದ. "ಬೇರೆ ಇತ್ತು. ಒಳ್ಳೆ ಬರೆದಿದ್ದೆ ಕಣೇ. ಆ ಹುಡುಗಿಯ ನೀರಿಳಿಸಿದ್ದೆ. ಹಾಳಾಯ್ತು, ಇರಲಿ. ಸ್ಟಾಂಪು ದಂಡವಾಗಲಿಲ್ಲ."

ಯೋಜನೆ ಬದಲಾಯಿತು. ಬದಲಾದ ಯೋಜನೆಗೆ ಹೊಸ ನೋಟೀಸು, ಮತ್ತೆ ಇಪ್ಪತ್ತೆಂಟು ದಿನ. ಈ ಸಲ ಯಾರೂ ಏನೂ ಬರೆಯಲಿಲ್ಲ. ಮೇ ತಿಂಗಳಲ್ಲಿ ಗೋಪುರದ ತುದಿಯವರೆಗೂ ಸಾರುವೆ ಎದ್ದಿತು. ಮೊದಲ ವಾರವೇ ಆಗ್ನೇಯ ಮೂಲೆಯಲ್ಲಿ ಡೆಸ್ಮಂಡ್ ಒಂದು ಹೊದಿಕೆ ಕಿತ್ತು, ಒಳಗೆ ತೋಳು ತೂರಿಸಿ, ಕೆಳಗೆ ಬೆಂಚಿನ ಕಡೆ ಇನ್ನೊಂದು ಕೈ ಬೀಸಿದ. ವಿಲ್ಫ್ ಫ್ಲಾಸ್ಕಿನ ಮುಚ್ಚಳ ಎತ್ತಿ ತೋರಿಸಿದ.

ಇಮೊಜೆನ್ ಒಂದು ದಿನ ಬಾಗಿಲ ಪಕ್ಕದ ಫಲಕದ ಎದುರು ನಿಂತು, ವಿಲ್ಫ್‌ನ ಕಡೆ ತಿರುಗಿದಳು. "ಗೆಡ್ಜ್ ಅವರೇ, ಇದನ್ನ... ಬೇಕಾದ್ರೆ ಒಳಗಡೆ ಎಲ್ಲಾದ್ರೂ ಇಡಬಹುದು. ನಿಮಗೆ ಮುಜುಗರ ಆಗೋದಾದ್ರೆ."

"ಅಲ್ಲೇ ಇರಲಿ," ಎಂದ ವಿಲ್ಫ್. "ಇನ್ನು ನೂರು ವರ್ಷ ಬಿಟ್ಟು ಯಾವನೋ ಗಾರೆಯವನು ಬರ್ತಾನೆ. ಅಲ್ಲಲ್ಲಿ ಉಳಿದ ಚೂರು ನೋಡಿ, ಯಾವ ಕತ್ತೆ ಮಾಡಿದ್ದು ಇದನ್ನ ಅಂತಾನೆ. ಉತ್ತರ ಗೋಡೆ ಮೇಲೇ ಇರಬೇಕಲ್ಲ."

ಅಕ್ಟೋಬರಿನ ಎರಡನೆಯ ವಾರ ಮೊದಲ ಇಬ್ಬನಿ ಗಟ್ಟಿಯಾಯಿತು. ಡೆಸ್ಮಂಡ್ ಗಂಟೆಗಳ ಕಿಟಕಿಯ ಕೆಳಗೆ ಎಂಟಡಿ ಬಂದು ಕೆಲಸ ನಿಲ್ಲಿಸಿದ. ಹೊಸ ಸುಣ್ಣಕ್ಕೆ ಗೋಣಿತಟ್ಟು ಹೊದಿಸಿ, ಹಗ್ಗಗಳನ್ನು ಕೆಳಗಿಳಿಸಿ ಸಾರುವೆಯ ಬುಡಕ್ಕೆ ಕಟ್ಟಿದ. ಕೆಳಗೆ ಉಬ್ಬಿದ ಉತ್ತರದ ಮೈಗೆ ಮರದ ಆನಿಕೆ ಕೊಟ್ಟಿದ್ದರು. ಉಳಿದದ್ದು ಮುಂದಿನ ವರ್ಷ, ಗಂಟೆ ಬಾರಿಸುವುದು ಅದರ ಮುಂದಿನ ವರ್ಷ. ವಿಲ್ಫ್ ಬೆಂಚಿನಿಂದಲೇ ಎಲ್ಲ ನೋಡಿದ. ಹೊರಡುವ ಮೊದಲು ಎದ್ದು ಹೋಗಿ, ಕೈಗೆಟುಕುವ ಒಂದು ಹಗ್ಗದ ಗಂಟು ಬಿಚ್ಚಿ ತಾನೇ ಬಿಗಿಯಾಗಿ ಕಟ್ಟಿದ.